ದಾಖಲೆಗಳನ್ನು ಕಾಯುವ ವಿದ್ಯೆ

ಶ್ರವಣಬೆಳಗೊಳದಿಂದ ಉತ್ತರಕ್ಕೆ ಸುಮಾರು ಒಂದು ಮೈಲಿ ನಡೆದರೆ ಜಿನನಾಥಪುರವೆಂಬ ಚಿಕ್ಕ ಗ್ರಾಮವು ಸಿಕ್ಕುತ್ತದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು 12ನೆಯ ಶತಮಾನದ ಮೊದಲ ಭಾಗದಲ್ಲಿ ಇದನ್ನು ನೆಲೆಗೊಳಿಸಿದನು. ಇಲ್ಲಿಯ ಶಾಂತಿನಾಥ ಬಸದಿಯ ಹೊರಗೋಡೆಯ ಶಿಲ್ಪಗಳು ಬಹು ಸುಂದರವಾದವು. ಆದರೆ ಬಸದಿಯನ್ನು ಮಾಡಿಸಿದವರಾರೆಂಬುದನ್ನು ಆ ಶಿಲ್ಪಗಳು ಹೇಳಲಾರವು. ಮೂರ್ತಿಯ ಪೀಠದ ಮೇಲಿರುವ ಒಂದು ಕಿರುಬರಹವು ಅದನ್ನು ತಿಳಿಸುತ್ತದೆ: ರೇಚಿಮಯ್ಯ ದಂಡನಾಯಕನು ಶಾಂತಿನಾಥನನ್ನು ಪ್ರತಿಷ್ಠೆ ಮಾಡಿಸಿ ಸಾಗರನಂದಿ ಸಿದ್ಧಾಂತದೇವರಿಗೆ ಒಪ್ಪಿಸಿದನು. ಈ ಅಕ್ಷರಗಳು ಅಳಿದಿದ್ದರೆ ಕಟ್ಟಡವು ಉಳಿದು, ಕಟ್ಟಿಸಿದವನ ಹೆಸರು ಅಳಿಯುತ್ತಿದ್ದಿತು.

ಕಲ್ಲಿನ ಬರಹವನ್ನು ಕಾಯುವುದು ಹೇಗೆ? ಮೊದಲು ಕಲ್ಲನ್ನು ತೊಳೆದು, ಒದ್ದೆಯಾದ ಕಾಗದವನ್ನು ಅದರ ಮೇಲೆ ಹರಡಿ, ಕುಂಚದಿಂದ ತಟ್ಟುತ್ತಾರೆ. ಕಾಗದವು ಅಕ್ಷರದ ಕುಳಿಗಳಿಗೆ ಇಳಿಯುತ್ತದೆ. ಅನಂತರ ಮಸಿಯ ಗುಬುಟನ್ನು ಒತ್ತಿದರೆ ಕಪ್ಪು ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡುತ್ತವೆ. ಇದೇ ಪಡಿಯಚ್ಚು. ಬಿ. ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ಯರು ಹೊರತಂದ ಪರಿಷ್ಕೃತ ಸಂಪುಟದಲ್ಲಿ ಆ ಸಂಖ್ಯೆಯು 500ಕ್ಕೆ ಏರಿತು.

ಕಾಗದವು ಕಲ್ಲಿಗಿಂತ ಬಹಳ ಬೇಗ ಕೆಡುವುದು. ಕಾಗದದಲ್ಲಿರುವ ಆಮ್ಲವು ಸೆಲ್ಯುಲೋಸಿನ ಉದ್ದನೆಯ ಸರಪಣಿಗಳನ್ನು ತುಂಡರಿಸುವುದರಿಂದ ಹಾಳೆಯು ಹಳದಿಗಟ್ಟಿ ಪುಡಿಯಾಗುತ್ತದೆ. ಕಬ್ಬಿಣದ ಲವಣದಿಂದ ಮಾಡಿದ ಹಳೆಯ ಶಾಯಿಯೂ ಆಮ್ಲೀಯವಾದುದೇ. ಆದುದರಿಂದ, ಶಾಯಿಯು ಕದಡುವುದಿಲ್ಲವೆಂದು ಪರೀಕ್ಷಿಸಿದ ಬಳಿಕ, ಹಾಳೆಯನ್ನು ಸುಣ್ಣದ ತಿಳಿನೀರಿನಂಥ ಕ್ಷಾರದ್ರಾವಣದಲ್ಲಿ ಅದ್ದಿ ಆಮ್ಲವನ್ನು ಶಮನಗೊಳಿಸುತ್ತಾರೆ. ತೇವ ಹೆಚ್ಚಾದರೆ ಬೂಷ್ಟು ಹಿಡಿಯುವುದು. ತೀರ ಕಡಮೆಯಾದರೆ ಕಾಗದವು ಬಿರುಸಾಗುವುದು. ಹೀಗಾಗಿ ಪತ್ರಾಗಾರದ ಕೆಲಸದಲ್ಲಿ ಇತಿಹಾಸದೊಡನೆ ರಸಾಯನಶಾಸ್ತ್ರವೂ ಬೇಕು.

ಜೋಡಣೆಗೂ ಒಂದು ನಿಯಮವುಂಟು. ಒಂದು ಕಚೇರಿಯ ಕಡತಗಳನ್ನು ಇನ್ನೊಂದರ ಕಡತಗಳೊಡನೆ ಬೆರೆಸಕೂಡದು. ಅವು ಹುಟ್ಟಿದ ಕ್ರಮದಲ್ಲಿಯೇ ಇರಿಸಬೇಕು. ಕ್ರಮವು ಕೆಟ್ಟರೆ ಯಾವ ಪತ್ರಕ್ಕೆ ಯಾವುದು ಉತ್ತರವೆಂಬುದೇ ತಿಳಿಯದು. ಎಲ್ಲವನ್ನೂ ಉಳಿಸುವುದಕ್ಕೂ ಆಗದು. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವೇ ಈ ವೃತ್ತಿಯಲ್ಲಿ ಅತ್ಯಂತ ಕಠಿಣವಾದುದು. ಏಕೆಂದರೆ ಒಮ್ಮೆ ಸುಟ್ಟ ಕಡತವು ಮರಳಿ ಬಾರದು. 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮವು, ಬಳಕೆಗೆ ಬಾರದಷ್ಟು ಹಾಳಾದುವನ್ನು ಬಿಟ್ಟು, 1892ಕ್ಕಿಂತ ಹಿಂದಿನ ಯಾವ ದಾಖಲೆಯನ್ನೂ ನಾಶಮಾಡಬಾರದೆಂದು ವಿಧಿಸಿದೆ.

ದಾಖಲೆಯಿಂದ ಪ್ರಯೋಜನವೇನು? 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ ವಿಜಯನಗರದ ಬುಕ್ಕರಾಯನು ರಾಜಿ ಮಾಡಿಸಿದನು. ಆ ತೀರ್ಪಿನ ಶಾಸನವು ಶ್ರವಣಬೆಳಗೊಳದಲ್ಲಿಯೂ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೆ. ಒಂದು ಪ್ರತಿ ಕೆಟ್ಟರೂ ಇನ್ನೊಂದು ಸಾಕ್ಷಿ ನುಡಿಯುವುದು.

ಈ ವೃತ್ತಿಯನ್ನು ಬಯಸುವ ವಿದ್ಯಾರ್ಥಿಗಳು ಇತಿಹಾಸವನ್ನೂ ಹಳಗನ್ನಡವನ್ನೂ ಹಳೆಯ ಲಿಪಿಗಳನ್ನೂ ಕಲಿಯಬೇಕು. ಇಂದು ಗಣಕಯಂತ್ರದ ಕಡತಗಳನ್ನು ಕಾಯುವ ವಿಧಾನವೂ ತಿಳಿದಿರಬೇಕು. ನವದೆಹಲಿಯ ರಾಷ್ಟ್ರೀಯ ಪತ್ರಾಗಾರವು ಈ ವಿದ್ಯೆಯಲ್ಲಿ ತರಬೇತಿ ಕೊಡುತ್ತದೆ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಪತ್ರಾಗಾರವಿದೆ. ಆದರೆ ಮೊದಲ ಪಾಠವನ್ನು ಮನೆಯಲ್ಲಿಯೇ ಆರಂಭಿಸಬಹುದು. ಅಟ್ಟದ ಮೇಲಿರುವ ಹಳೆಯ ಕಾಗದದ ಕಟ್ಟನ್ನು ಒಲೆಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ಓದಿರಿ.