ಕೋಡಿಂಗ್ ಬಾರದವಳಿಗೆ ಡಿಜಿಟಲ್ ಹ್ಯುಮ್ಯಾನಿಟೀಸ್ ಒಗ್ಗುತ್ತದೆಯೇ?

ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಐಚ್ಛಿಕ ಕನ್ನಡ, ಇತಿಹಾಸ ನನ್ನ ವಿಷಯಗಳು. ವಚನ ಸಾಹಿತ್ಯ ಎಂದರೆ ಪ್ರಾಣ. ಸಾಹಿತ್ಯವನ್ನು ಕಂಪ್ಯೂಟರ್ ನೆರವಿನಿಂದ ಅಭ್ಯಾಸ ಮಾಡುವ ಡಿಜಿಟಲ್ ಹ್ಯುಮ್ಯಾನಿಟೀಸ್‌ನಲ್ಲಿ ಸ್ನಾತಕೋತ್ತರ ಪದವಿ ಮಾಡುವ ಆಸೆ. ಆದರೆ ಎಸ್ಸೆಸ್ಸೆಲ್ಸಿ ಆದಮೇಲೆ ಗಣಿತ ಮುಟ್ಟಿಲ್ಲ, ಕೋಡಿಂಗ್ ಗೊತ್ತೇ ಇಲ್ಲ. ಅಪ್ಪ ‘ಸುಮ್ಮನೆ ಬಿ.ಇಡಿ. ಮಾಡು’ ಅನ್ನುತ್ತಾರೆ. ಗೆಳತಿಯರು ‘ಎರಡು ದೋಣಿಯಲ್ಲಿ ಕಾಲಿಡಬೇಡ’ ಅನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಹಾವೇರಿ

ಕೋಡಿಂಗ್ ಭಯವನ್ನು ಸದ್ಯಕ್ಕೆ ಬದಿಗಿಡಿ. ಈ ವಿಷಯದ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಶುರುಮಾಡುವುದು ರೊಬೆರ್ತೊ ಬುಸಾ ಅವರಿಂದ. ಅವರು ಇಟಲಿಯ ಪಾದ್ರಿ, ಎಂಜಿನಿಯರ್ ಅಲ್ಲ. ಸಂತ ಥಾಮಸ್ ಅಕ್ವಿನಾಸ್‌ನ ಬರಹಗಳಿಗೆ ಪದಸೂಚಿ ಮಾಡಬೇಕೆಂದು 1949ರಲ್ಲಿ ಐಬಿಎಂ ಕಂಪನಿಯ ನೆರವು ಕೇಳಿಕೊಂಡು ಹೋದರು. ಆ ಬರಹಗಳಿಂದ ಏನು ತಿಳಿಯಬೇಕು ಎಂಬುದು ಅವರಿಗೆ ಗೊತ್ತಿತ್ತು. ನಿಮಗೆ ವಚನಗಳಿಂದ ಏನು ತಿಳಿಯಬೇಕಾಗಿದೆ? ನಿಮ್ಮ ಪತ್ರದಲ್ಲಿ ನನಗೆ ಕಾಣದೇ ಹೋದದ್ದು ಅದೊಂದೇ.

ಬಸವಣ್ಣನವರ ವಚನಗಳನ್ನು ಕಂಪ್ಯೂಟರಿಗೆ ಕೊಟ್ಟು ಯಾವ ಪದ ಹೆಚ್ಚು ಬಂದಿದೆ ಎಂದು ಕೇಳಿದರೆ ಅದು ‘ಕೂಡಲಸಂಗಮದೇವ’ವನ್ನು ಮುಂದಿಡುತ್ತದೆ. ಅದು ಅಂಕಿತ, ಬೇರೆಯಾಗಿ ಎಣಿಸಬೇಕು ಎನ್ನುವುದು ನಿಮಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ‘ಲಿಂಗ’, ‘ಲಿಂಗವ’, ‘ಲಿಂಗಕ್ಕೆ’, ‘ಲಿಂಗದೊಳಗೆ’ ಅದರ ಪಾಲಿಗೆ ನಾಲ್ಕು ಬೇರೆ ಪದಗಳು. ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿ ಟೈಪ್ ಮಾಡಿದ ಪುಟಗಳೂ ಸಿಗುತ್ತವೆ. ಓದುವ ಕಣ್ಣಿಗೆ ಎರಡೂ ಒಂದೇ, ಆದರೆ ಹುಡುಕಿದರೆ ಪದ ಸಿಗುವುದಿಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿದ್ದ ಕಡತಗಳನ್ನು ಯುನಿಕೋಡ್‌ಗೆ ತಂದಾಗ ಒತ್ತಕ್ಷರಗಳು ಕೆಟ್ಟಿರುವುದುಂಟು. ಅದನ್ನೆಲ್ಲ ಕೂತು ತಿದ್ದುವುದು ಈ ಓದಿನ ದೊಡ್ಡ ಪಾಲು. ಬೇಸರದ ಕೆಲಸ, ಸುಳ್ಳು ಹೇಳುವುದಿಲ್ಲ. ಇದಕ್ಕೆ ಬೇಕಾಗುವಷ್ಟು ಪೈಥಾನ್ ಕೋಡಿಂಗ್ ಕೆಲವು ತಿಂಗಳು ಹಟ ಹಿಡಿದು ಕೂತರೆ ಬರುತ್ತದೆ. ವ್ಯಾಕರಣ, ಛಂದಸ್ಸು, ಅಂಕಿತ ಯಾವುದನ್ನೂ ಅರಿಯದವರು ಅಷ್ಟರಲ್ಲಿ ಕನ್ನಡ ಕಲಿಯಲಾರರು.

ಇನ್ನು ಅಪ್ಪನ ಮಾತು. ಅದನ್ನು ತಳ್ಳಿಹಾಕಬೇಡಿ. ಶಾಲೆಯ ಬದಲು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ ಆಗುವ ಮನಸ್ಸಿದ್ದರೆ ಕನ್ನಡ ಎಂ.ಎ.ಯೇ ಆಗಬೇಕು. ಪದವಿಯ ಹೆಸರು ಬೇರೆಯಾಗಿದ್ದರೆ ಅರ್ಜಿಯೇ ತಿರಸ್ಕಾರವಾದೀತು. ಹಾಗಿದ್ದರೆ ಮೊದಲು ಕನ್ನಡ ಎಂ.ಎ. ಮುಗಿಸಿ, ಡಿಜಿಟಲ್ ವಿಧಾನವನ್ನು ಪಿಎಚ್.ಡಿ.ಯಲ್ಲಿ ಹಿಡಿಯಿರಿ. ನಿಮಗೆ ನಾನು ಹೇಳುವುದು ಇದೇ ದಾರಿ. ಪತ್ರಾಗಾರ, ಗ್ರಂಥಾಲಯ, ಪ್ರಕಾಶನ ಅಥವಾ ಭಾಷಾ ತಂತ್ರಜ್ಞಾನದ ಕಡೆಗೆ ಒಲವಿದ್ದರೆ ನೇರವಾಗಿ ಹೋಗಬಹುದು. ಐಐಟಿ ಜೋಧ್‌ಪುರದಲ್ಲಿ ಡಿಜಿಟಲ್ ಹ್ಯುಮ್ಯಾನಿಟೀಸ್ ಎಂ.ಎಸ್ಸಿ. ಇದೆ. ಟ್ಯಾಗೋರರ ಹಸ್ತಪ್ರತಿಗಳನ್ನೂ ಮುದ್ರಿತ ಪಾಠಗಳನ್ನೂ ಹೋಲಿಸಿ ನೋಡಲು ಅನುವಾಗುವ ‘ಬಿಚಿತ್ರಾ’ ಜಾಲತಾಣವನ್ನು ರೂಪಿಸಿದ್ದು ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯ. ನಮ್ಮ ಪಂಪನಿಗೋ ಕುಮಾರವ್ಯಾಸನಿಗೋ ಅಂಥದ್ದೊಂದು ಆಗಬೇಕು ಎಂದು ಅದನ್ನು ಕಂಡಾಗಲೆಲ್ಲ ಅನ್ನಿಸುತ್ತದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲೂ ಎಂ.ಎ. ಇದೆ. ಆದರೆ ವಿದ್ಯಾರ್ಥಿವೇತನ ಸಿಗದೆ ಸಾಲ ಮಾಡಿ ಹೊರಡಬೇಡಿ.

ಎಲ್ಲಿಗೇ ಅರ್ಜಿ ಹಾಕುವ ಮುನ್ನ ಈ ರಜೆಯಲ್ಲಿ ಒಂದು ಸಣ್ಣ ಕೆಲಸ ಮಾಡಿ. ‘ವಚನ ಸಂಚಯ’ ಜಾಲತಾಣದಿಂದ ಅಕ್ಕಮಹಾದೇವಿಯ ಐವತ್ತು ವಚನ ಆರಿಸಿ ಎಕ್ಸೆಲ್ ಹಾಳೆಗೆ ಹಾಕಿ. ಆಕೆ ಯಾರನ್ನು ಉದ್ದೇಶಿಸಿ ಮಾತಾಡುತ್ತಾಳೆ, ಚೆನ್ನಮಲ್ಲಿಕಾರ್ಜುನನನ್ನೋ, ಅವ್ವನನ್ನೋ, ಕೆಳದಿಯನ್ನೋ, ಗಿಳಿ ಕೋಗಿಲೆಗಳನ್ನೋ ಎಂದು ಪ್ರತಿಯೊಂದರ ಎದುರು ಗುರುತು ಹಾಕುತ್ತ ಹೋಗಿ. ಒಂದೇ ವಚನದಲ್ಲಿ ಇಬ್ಬರನ್ನು ಕರೆದರೆ ಏನು ಮಾಡಬೇಕು ಎಂದು ನೀವೇ ಒಂದು ನಿಯಮ ಮಾಡಿಕೊಳ್ಳಬೇಕಾಗುತ್ತದೆ. ಆ ತಲೆನೋವು ಖುಷಿ ಕೊಟ್ಟರೆ ಮುಂದುವರಿಯಿರಿ. ಇಪ್ಪತ್ತನೇ ವಚನಕ್ಕೇ ಆಕಳಿಕೆ ಬಂದರೆ ಬಿ.ಇಡಿ. ಅರ್ಜಿಯ ಕೊನೆಯ ದಿನ ಯಾವಾಗ ಎಂದು ಅಪ್ಪನನ್ನು ಕೇಳಿ.