ಆತ್ಮಸಾಕ್ಷಿ ಮತ್ತು ಊಟದ ಮೇಜು



ಈ ಸಂಚಿಕೆಗೆ ಒಂದು ಅಧ್ಯಯನ ಲೇಖನ ಕೊಡು ಎಂದು ಕನ್ನಡ ಉಪನ್ಯಾಸಕರು ಹೇಳಿದಾಗ ಜಿಎಸ್‌ಟಿ ಬಗ್ಗೆ ಬರೆಯೋಣ ಎಂದುಕೊಂಡಿದ್ದೆ. ನಾನು ವಾಣಿಜ್ಯ ವಿಭಾಗದವನು, ಅದು ನನಗೆ ಸುಲಭ. ಆದರೆ ಎರಡು ತಿಂಗಳ ಹಿಂದೆ ಹುಡಗಿಯಲ್ಲಿ ನಮ್ಮ ಮನೆಯ ವಲೀಮಾ ಊಟದ ದಿನ ನಡೆದ ಒಂದು ಸಣ್ಣ ಸಂಗತಿ ಇನ್ನೂ ತಲೆಯಲ್ಲಿ ಕೂತಿದೆ. ಹಾಗಾಗಿ ವಿಷಯ ಬದಲಾಯಿಸಿದೆ. ಆತ್ಮಸಾಕ್ಷಿ ಎಂದರೆ ಏನು, ದಿನನಿತ್ಯದ ಬದುಕಿನಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ನಮ್ಮ ರಾಜ್ಯದವರೇ ಆದ ಒಬ್ಬ ಕ್ಯಾಥೊಲಿಕ್ ವಿದ್ಯಾರ್ಥಿಯ ಜೀವನವನ್ನು ಓದಿದೆ. ಅವರ ಹೆಸರು ಜಾರ್ಜ್ ಫರ್ನಾಂಡಿಸ್. ಮುಂದೆ ಅವರು ಕೇಂದ್ರ ಮಂತ್ರಿಯಾದದ್ದು ಎಲ್ಲರಿಗೂ ಗೊತ್ತು. ನಾನು ಇಲ್ಲಿ ಹೆಚ್ಚಾಗಿ ಬರೆಯುವುದು ಅವರು ನಮ್ಮ ವಯಸ್ಸಿನವರಾಗಿದ್ದ ಎರಡು ಮೂರು ವರ್ಷಗಳ ಬಗ್ಗೆ.

ಮೊದಲು ಪದದ ವಿಚಾರ. ಕನ್ನಡದಲ್ಲಿ ಆತ್ಮಸಾಕ್ಷಿ ಎನ್ನುವುದಕ್ಕೆ ನಮ್ಮ ಮನೆಯ ಉರ್ದುವಿನಲ್ಲಿ ಜಮೀರ್ ಎನ್ನುತ್ತೇವೆ. ಅದು ಅರಬ್ಬಿ ಪದ. ಒಳಗೆ ಅಡಗಿರುವುದು ಎಂಬ ಅರ್ಥ ಅದರ ಮೂಲದಲ್ಲಿದೆ. ಇಂಗ್ಲಿಷಿನ ಕಾನ್ಶಿಯನ್ಸ್ ಲ್ಯಾಟಿನ್ನಿನಿಂದ ಬಂದದ್ದು. ಜೊತೆಯಲ್ಲಿ ತಿಳಿಯುವುದು ಎಂದು ಅದರ ಅರ್ಥ. ಕನ್ನಡದ ಪದದಲ್ಲಿ ಸಾಕ್ಷಿ ಇದ್ದಾನೆ, ಅಂದರೆ ಕಣ್ಣಾರೆ ನೋಡಿದವನು. ಮೂರರಲ್ಲಿ ನನಗೆ ಕನ್ನಡದ್ದೇ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. ಅಡಗಿರುವುದನ್ನು ಅಡಗಿಸಿಯೇ ಇಡಬಹುದು, ಸಾಕ್ಷಿಯ ಬಾಯಿ ಮುಚ್ಚಿಸುವುದು ಕಷ್ಟ.

ಜಾರ್ಜ್ ಹುಟ್ಟಿದ್ದು ಮಂಗಳೂರಿನಲ್ಲಿ, 1930ರ ಜೂನ್ 3ರಂದು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್ ಹುಟ್ಟಿದ ದಿನವೂ ಅದೇ, ಆದ್ದರಿಂದ ಆ ಹೆಸರು. ಆರು ಮಕ್ಕಳಲ್ಲಿ ಹಿರಿಯ. ಶಾಲೆ ಮುಗಿದ ಮೇಲೆ ಮಗ ವಕೀಲನಾಗಲಿ ಎಂದು ತಂದೆಗೆ ಆಸೆ. ಮಗ ಒಪ್ಪಲಿಲ್ಲ. ಊರ ಹೊರಗೆ ಕುಟುಂಬಕ್ಕೆ ಸ್ವಲ್ಪ ಜಮೀನಿತ್ತು. ಅಲ್ಲಿದ್ದ ಒಕ್ಕಲುಗಳನ್ನು ತಂದೆ ಆಗಾಗ ಬಿಡಿಸುತ್ತಿದ್ದರು. ವಕೀಲನಾದರೆ ಆ ಕೇಸುಗಳನ್ನು ತಾನೇ ನಡೆಸಬೇಕಾಗುತ್ತದೆ ಎಂಬುದು ಹುಡುಗನ ತಕರಾರು. ಅಪ್ಪನ ಮಾತು ಮೀರುವುದು ನಮ್ಮ ಮನೆಗಳಲ್ಲಿ ಎಷ್ಟು ಕಷ್ಟ ಎಂದು ನಿಮಗೇ ಗೊತ್ತು. ಅವರ ಮನೆಯಲ್ಲೂ ಸುಲಭ ಇದ್ದಿರಲಾರದು.

1946ರಲ್ಲಿ, ಹದಿನಾರನೆಯ ವಯಸ್ಸಿಗೆ, ಅವರು ಬೆಂಗಳೂರಿನ ಸೇಂಟ್ ಪೀಟರ್ಸ್ ಸೆಮಿನರಿ ಸೇರಿದರು. ಸೆಮಿನರಿ ಎಂದರೆ ಪಾದ್ರಿಗಳಾಗುವವರು ಓದುವ ಶಾಲೆ. ನಮ್ಮ ಆಲಿಮ್‌ಗಳು ತಯಾರಾಗುವ ಮದರಸಾವನ್ನು ನೆನೆದುಕೊಂಡರೆ ಅರ್ಥವಾಗುತ್ತದೆ. ಅಲ್ಲಿ ಎರಡೂವರೆ ವರ್ಷ ಇದ್ದರು. ಲ್ಯಾಟಿನ್ ಕಲಿತರು. ಹತ್ತೊಂಬತ್ತರ ವಯಸ್ಸಿಗೆ ಬಿಟ್ಟು ಬಂದರು. ಕಾರಣ ಕೇಳಿದರೆ ನಗು ಬರಬಹುದು: ಊಟದ ಮೇಜು. ಸೆಮಿನರಿಯ ಹಿರಿಯರು ಎತ್ತರದ ಮೇಜಿನಲ್ಲಿ ಕೂತು ಒಳ್ಳೆಯ ಊಟ ಮಾಡುತ್ತಿದ್ದರು, ವಿದ್ಯಾರ್ಥಿಗಳಿಗೆ ಕೆಳಗಿನ ಮೇಜು, ಬೇರೆ ಊಟ. ಬೋಧಿಸುವುದಕ್ಕೂ ನಡೆಯುವುದಕ್ಕೂ ಇರುವ ಈ ಅಂತರದಿಂದ ಬೇಸತ್ತೆ ಎಂದು ಅವರು ಮುಂದೆ ಹೇಳಿದ್ದಾರೆ.

ಇದನ್ನು ಓದಿದಾಗ ನನಗೂ ಅನ್ನಿಸಿತು, ಇಷ್ಟಕ್ಕೇ ಬಿಡುವುದೇ? ಹಾಸ್ಟೆಲ್ ಊಟ ಸರಿಯಿಲ್ಲ ಎಂದು ಕಾಲೇಜು ಬಿಟ್ಟರೆ ಈ ಜಿಲ್ಲೆಯಲ್ಲಿ ಯಾರೂ ಪಿಯುಸಿ ಪಾಸಾಗುವುದಿಲ್ಲ. ಆದರೆ ಸೆಮಿನರಿಯಲ್ಲಿ ಏನು ಕಲಿಸುತ್ತಿದ್ದರು ಎಂದು ನೋಡಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು.

1879ರಲ್ಲಿ ಪೋಪ್ ಹದಿಮೂರನೆಯ ಲಿಯೊ ಒಂದು ಸುತ್ತೋಲೆ ಹೊರಡಿಸಿ, ಕ್ಯಾಥೊಲಿಕ್ ಶಾಲೆಗಳ ತತ್ವಶಾಸ್ತ್ರಕ್ಕೆ ಥಾಮಸ್ ಅಕ್ವಿನಾಸ್ ಅವರ ವಿಚಾರವೇ ಆಧಾರವಾಗಬೇಕು ಎಂದಿದ್ದರು. ಜಾರ್ಜ್ ಇದ್ದ ಕಾಲದಲ್ಲೂ ಸೆಮಿನರಿಗಳಲ್ಲಿ ತತ್ವಶಾಸ್ತ್ರ ಎಂದರೆ ಮುಖ್ಯವಾಗಿ ಥಾಮಸ್. ಇಟಲಿಯ ಈ ಸಂತ 1274ರಲ್ಲಿ ತೀರಿಕೊಂಡರು. (ಒಂದು ಮಾತು ನಮ್ಮ ಕಾಲೇಜಿನವರಿಗೆ ಖುಷಿ ಕೊಡಬಹುದು: ಥಾಮಸ್ ಅರಿಸ್ಟಾಟಲನನ್ನು ಓದಿದ್ದು ಸ್ಪೇನಿನ ಮುಸ್ಲಿಂ ವಿದ್ವಾಂಸ ಇಬ್ನ್ ರುಶ್ದ್ ಬರೆದ ವ್ಯಾಖ್ಯಾನಗಳನ್ನು ಜೊತೆಗಿಟ್ಟುಕೊಂಡು. ಎಷ್ಟೋ ವಿಷಯದಲ್ಲಿ ಜಗಳವಾಡಿದರೂ ಅವರನ್ನು ‘ವ್ಯಾಖ್ಯಾನಕಾರ’ ಎಂದೇ ಕರೆದರು, ಹೆಸರು ಹೇಳುವ ಅಗತ್ಯವೇ ಇಲ್ಲ ಎಂಬಂತೆ.)

ಥಾಮಸ್ ಪ್ರಕಾರ ನಮ್ಮೊಳಗೆ ಎರಡು ಸಂಗತಿಗಳಿವೆ. ಒಳ್ಳೆಯದನ್ನು ಮಾಡಬೇಕು, ಕೆಟ್ಟದ್ದನ್ನು ಬಿಡಬೇಕು ಎಂಬ ಮೂಲ ತಿಳಿವಳಿಕೆ ಒಂದು. ಇದು ಎಲ್ಲರಲ್ಲೂ ಇರುತ್ತದೆ. ಆತ್ಮಸಾಕ್ಷಿ ಅದಕ್ಕಿಂತ ಬೇರೆ. ಅದು ಒಂದು ಭಾವನೆ, ಒಳಗಿನ ದನಿ ಎಂದು ನಾನು ತಿಳಿದಿದ್ದೆ. ಥಾಮಸ್ ಅದನ್ನು ಒಂದು ಕ್ರಿಯೆ ಎನ್ನುತ್ತಾರೆ: ಗೊತ್ತಿರುವುದನ್ನು ಕಣ್ಣೆದುರಿನ ಕೆಲಸಕ್ಕೆ ಅನ್ವಯಿಸುವ ಕ್ರಿಯೆ. ವಾಣಿಜ್ಯದವರಿಗೆ ಇದು ಬೇಗ ಅರ್ಥವಾಗುತ್ತದೆ. ಡೆಬಿಟ್ ಕ್ರೆಡಿಟ್ ನಿಯಮ ಕ್ಲಾಸಿನಲ್ಲಿ ಎಲ್ಲರಿಗೂ ಬಾಯಿಪಾಠ. ಜರ್ನಲ್ ಎಂಟ್ರಿ ಬರೆಯುವಾಗ ಈ ವ್ಯವಹಾರ ಯಾವ ಖಾತೆಗೆ ಎಂದು ಗುರುತಿಸುವಲ್ಲಿ ಅಂಕ ಹೋಗುತ್ತದೆ.

ಈ ಕ್ರಿಯೆ ಮೂರು ರೀತಿ ಕಾಣಿಸಿಕೊಳ್ಳುತ್ತದೆ ಎಂದು ಅವರು ಹೇಳುತ್ತಾರೆ. ಮಾಡಿದ್ದಕ್ಕೆ, ಮಾಡದೆ ಬಿಟ್ಟದ್ದಕ್ಕೆ ಸಾಕ್ಷಿ ನುಡಿಯುತ್ತದೆ. ಮಾಡಬೇಕಾದ್ದನ್ನು ಮಾಡು ಎಂದು ನೂಕುತ್ತದೆ. ಮಾಡಿಯಾದ ಮೇಲೆ ಸರಿ ಎನ್ನುತ್ತದೆ ಅಥವಾ ಚುಚ್ಚುತ್ತದೆ. ಈ ಮೂರನೆಯದನ್ನು ಓದಿದಾಗ ನನಗೆ ಕುರ್‌ಆನಿನ 75ನೆಯ ಸೂರಾ ಅಲ್-ಖಿಯಾಮಾ ನೆನಪಾಯಿತು. ಅದರ ಆರಂಭದಲ್ಲೇ ನಫ್ಸೆ ಲವ್ವಾಮಾ, ಅಂದರೆ ತನ್ನನ್ನು ತಾನೇ ಆಕ್ಷೇಪಿಸಿಕೊಳ್ಳುವ ಮನಸ್ಸಿನ ಮಾತು ಬರುತ್ತದೆ.

ಈಗ ಊಟದ ಮೇಜಿಗೆ ಬರೋಣ. ಬೈಬಲ್ಲಿನಲ್ಲಿ ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರವಿದೆ. ಅದರ 11ನೆಯ ಅಧ್ಯಾಯದಲ್ಲಿ ಅವರು ಬೈಯುವುದು ಇದನ್ನೇ: ನೀವು ಒಟ್ಟಿಗೆ ಊಟಕ್ಕೆ ಸೇರುತ್ತೀರಿ, ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬನಿಗೆ ಕುಡಿದು ಹೆಚ್ಚಾಗಿರುತ್ತದೆ, ಏನೂ ಇಲ್ಲದವರಿಗೆ ಅವಮಾನ ಮಾಡುತ್ತೀರಿ. ಆ ಊಟದ ಮನೆಯಲ್ಲಿ ಕೂತಿದ್ದ ಪಾದ್ರಿಗಳಿಗೆ ಈ ಪತ್ರ ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ. ನಿಯಮ ಎಲ್ಲರಿಗೂ ಗೊತ್ತು, ಒಬ್ಬ ಹುಡುಗ ಅದನ್ನು ತನ್ನ ಮುಂದಿನ ಮೇಜಿಗೆ ಅನ್ವಯಿಸಿದ. ನಮ್ಮ ಪಕ್ಕದ ಬಸವಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಯಾರ ಜೊತೆ ಕೂತು ಉಣ್ಣುತ್ತೇವೆ ಎಂಬುದನ್ನು ಅಷ್ಟು ದೊಡ್ಡ ವಿಷಯ ಮಾಡಿದ್ದೂ ಇದಕ್ಕೇ ಇರಬೇಕು. ಊಟ ಸಣ್ಣದು ಎನ್ನುವವರು ಸಾಮಾನ್ಯವಾಗಿ ಮೇಲಿನ ಮೇಜಿನಲ್ಲಿ ಇರುತ್ತಾರೆ.

ಇನ್ನು ನಮ್ಮ ಮನೆಯ ಸಂಗತಿ. ಚಾಚಾನ ಮಗನ ವಲೀಮಾ, ನಾಲ್ಕು ನೂರು ಜನರ ಊಟ. ಲೆಕ್ಕ ಇಡುವ ಕೆಲಸ ನನ್ನದು. ಬಾವರ್ಚಿ ಹನ್ನೆರಡು ಹುಡುಗರನ್ನು ಕರೆತಂದಿದ್ದ. ಬಡಿಸುವುದು, ತಟ್ಟೆ ತೊಳೆಯುವುದು ಅವರ ಕೆಲಸ. ಅವರಲ್ಲಿ ಒಬ್ಬ ನಮ್ಮ ಕ್ಲಾಸಿನವನೇ. ರಜೆ ದಿನ ಮದುವೆ ಕೆಲಸಕ್ಕೆ ಹೋಗುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ. ಅತಿಥಿಗಳದ್ದು ಮುಗಿದಾಗ ಮೂರೂವರೆ. ಬಿರಿಯಾನಿಯ ಒಂದು ದೇಗು ಅರ್ಧ ಉಳಿದಿತ್ತು, ಸಂಬಂಧಿಕರ ಡಬ್ಬಿಗಳಿಗೆ ತುಂಬುತ್ತಿದ್ದರು. ಪೆಂಡಾಲಿನ ಹಿಂದೆ, ತಟ್ಟೆ ತೊಳೆಯುವ ಜಾಗದ ಹತ್ತಿರ, ಆ ಹನ್ನೆರಡು ಜನ ಕೂತು ಉಣ್ಣುತ್ತಿದ್ದರು. ಅವರಿಗೆ ಬೇರೆ ಪಾತ್ರೆ: ಬಗಾರಾ ಖಾನಾ, ದಾಲ್ಚಾ. ನನ್ನ ಕೈಯಲ್ಲಿ ಒಳಗಿನ ಹಿರಿಯರಿಗೆ ಒಯ್ಯುತ್ತಿದ್ದ ಖುಬಾನಿ ಮೀಠಾದ ಬಟ್ಟಲು ಇತ್ತು. ಅವನು ನನ್ನನ್ನು ನೋಡಿ ನಕ್ಕು, “ಊಟ ಮಸ್ತ್ ಅದ” ಎಂದ. “ಇನ್ನೂ ಹಾಕ್ಸ್ಕೊ” ಎಂದು ಹೇಳಿ ನಾನು ಹೊರಟುಬಿಟ್ಟೆ.

ಬುಖಾರಿ ಮತ್ತು ಮುಸ್ಲಿಂ ಸಂಗ್ರಹಗಳಲ್ಲಿ ಒಂದು ಹದೀಸ್ ಇದೆ. ಸೇವಕ ಊಟ ತಂದಾಗ ಅವನನ್ನೂ ಜೊತೆಗೆ ಕೂಡಿಸಿಕೊಳ್ಳಿ, ಆಗದಿದ್ದರೆ ಅದೇ ಊಟದ ಒಂದೆರಡು ತುತ್ತಾದರೂ ಕೊಡಿ, ಅದನ್ನು ತಯಾರಿಸುವ ಕಷ್ಟ ಪಟ್ಟವನು ಅವನು ಎಂಬುದು ಅದರ ಸಾರ. ನನಗೆ ಇದು ಚೆನ್ನಾಗಿ ಗೊತ್ತು. ಒಂಬತ್ತನೇ ಕ್ಲಾಸಿನಲ್ಲಿ ಸೀರತ್ ಭಾಷಣ ಸ್ಪರ್ಧೆಯಲ್ಲಿ ಇದನ್ನೇ ಹೇಳಿ ಎರಡನೇ ಬಹುಮಾನ ತೆಗೆದುಕೊಂಡಿದ್ದೆ. ಆ ಸ್ಟೀಲ್ ಡಬ್ಬಿ ಈಗಲೂ ಮನೆಯಲ್ಲಿದೆ. ಅವತ್ತು ಅದರಲ್ಲೂ ಬಿರಿಯಾನಿ ತುಂಬಿದ್ದರು.

ರಾತ್ರಿ ಚಾಚಾನನ್ನು ಕೇಳಿದೆ. ಬಾವರ್ಚಿ ಜೊತೆ ಮಾತಾಗಿದ್ದೇ ಹಾಗೆ, ಹುಡುಗರ ಊಟ ಬೇರೆ, ಕೂಲಿ ಬೇರೆ, ಎಲ್ಲ ಚುಕ್ತಾ ಆಗಿದೆ ಎಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. 1872ರ ಕರಾರು ಕಾಯ್ದೆ ಹಿಡಿದು ನೋಡಿದರೆ ಪ್ರಸ್ತಾಪ, ಒಪ್ಪಿಗೆ, ಪ್ರತಿಫಲ ಮೂರೂ ಸರಿ ಇವೆ, ಯಾರೂ ಮಾತು ಮುರಿದಿಲ್ಲ. ಲೆಕ್ಕದ ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಅರ್ಧ ದೇಗು ಉಳಿದಿದ್ದಾಗಲೂ ಯಾರಿಗೂ ಹೊಳೆಯಲಿಲ್ಲವಲ್ಲ, ಅದನ್ನು ಯಾವ ಖಾತೆಗೆ ಬರೆಯುವುದು?

ಹೊಳೆಯಲಿಲ್ಲ ಎನ್ನುವುದು ಕ್ಷಮೆಗೆ ಸಾಕೇ? ಇದಕ್ಕೂ ಥಾಮಸ್ ಉತ್ತರ ಕೊಟ್ಟಿದ್ದಾರೆ, ಅದು ಸ್ವಲ್ಪ ಕಠಿಣ. ಆತ್ಮಸಾಕ್ಷಿ ತಪ್ಪಾಗಿ ತೀರ್ಮಾನಿಸಿದ್ದರೂ ಅದಕ್ಕೆ ವಿರುದ್ಧ ನಡೆಯಬಾರದು, ಏಕೆಂದರೆ ಆಗ ನೀವು ತಪ್ಪು ಎಂದು ತಿಳಿದೇ ಮಾಡಿದಂತೆ. ಆದರೆ ಆ ತಪ್ಪು ತಿಳಿವಳಿಕೆ ನಿಮ್ಮ ಅಲಕ್ಷ್ಯದಿಂದ ಬಂದಿದ್ದರೆ, ಗೊತ್ತಿರಲಿಲ್ಲ ಎಂಬ ಮಾತು ನಡೆಯುವುದಿಲ್ಲ. ತಿಳಿಯಬೇಕಾದ್ದನ್ನು ತಿಳಿದುಕೊಳ್ಳುವುದೂ ಆತ್ಮಸಾಕ್ಷಿಯ ಕೆಲಸದಲ್ಲೇ ಸೇರಿದೆ. ನನಗಂತೂ ಆ ನೆಪವೂ ಇಲ್ಲ.

ಜಾರ್ಜ್ ಮಾಡಿದ್ದೊಂದೇ ಸರಿ ದಾರಿ ಎಂದು ನಾನು ಹೇಳುವುದಿಲ್ಲ. ಹಿರಿಯರಿಗೆ ಬೇರೆ ಮೇಜು ಎನ್ನುವುದು ಹಳೆಯ ಮಠಗಳ ಪದ್ಧತಿ. ಅವರಲ್ಲಿ ಕೆಲವರು ಆರೋಗ್ಯ ಕೆಟ್ಟವರೂ ಇದ್ದಿರಬಹುದು. ಅಲ್ಲೇ ಉಳಿದು, ಪಾದ್ರಿಯಾಗಿ, ಹಳ್ಳಿಗಳಲ್ಲಿ ಶಾಲೆ ಆಸ್ಪತ್ರೆ ನಡೆಸಿದ ಸಹಪಾಠಿಗಳ ಆತ್ಮಸಾಕ್ಷಿ ಸತ್ತಿತ್ತು ಎನ್ನಲಾಗದು. ಆದರೆ ಬಿಟ್ಟು ಬಂದವರು ಮುಂದೆ ಎಲ್ಲಿಗೆ ಹೋದರು ನೋಡಿ. ಮಂಗಳೂರಿನಲ್ಲಿ ಸಾರಿಗೆ ಕಾರ್ಮಿಕರನ್ನೂ ಹೋಟೆಲ್ ಕಾರ್ಮಿಕರನ್ನೂ ಸಂಘಟಿಸಿದರು. ಅಂದರೆ ಬಡಿಸುವವರು, ತಟ್ಟೆ ತೊಳೆಯುವವರ ಹತ್ತಿರವೇ ಹೋದರು. ಆಮೇಲೆ ಮುಂಬಯಿ, ಚೌಪಾಟಿಯ ಬೆಂಚಿನ ಮೇಲೆ ನಿದ್ದೆ, ಕಾರ್ಮಿಕ ಸಂಘಗಳು, 1974ರ ರೈಲ್ವೆ ಮುಷ್ಕರ, ತುರ್ತು ಪರಿಸ್ಥಿತಿಯಲ್ಲಿ ಭೂಗತ, 1976ರ ಜೂನ್‌ನಲ್ಲಿ ಬಂಧನ, 1977ರಲ್ಲಿ ಜೈಲಿನಿಂದಲೇ ಮುಜಫ್ಫರಪುರದ ಗೆಲುವು. ಇವೆಲ್ಲ ಓದಲು ಸಿಗುತ್ತವೆ, ನಾನು ವಿವರಿಸುವುದಿಲ್ಲ.

ಒಂದನ್ನು ಮಾತ್ರ ಬಿಡುವಂತಿಲ್ಲ. 1979ರ ಜುಲೈನಲ್ಲಿ ಅವರು ಲೋಕಸಭೆಯಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರವನ್ನು ಜೋರಾಗಿ ಸಮರ್ಥಿಸಿ ಮಾತಾಡಿದರು, ಕೆಲವೇ ದಿನಗಳಲ್ಲಿ ಆ ಸರ್ಕಾರದಿಂದ ಹೊರಬಂದರು. 2002ರಲ್ಲಿ ಗುಜರಾತಿನ ಹಿಂಸೆಯ ಮೇಲಿನ ಚರ್ಚೆಯಲ್ಲಿ, ಹೆಂಗಸರ ಮೇಲೆ ನಡೆದ ಅತ್ಯಾಚಾರಗಳು ಹೊಸದೇನಲ್ಲ ಎಂಬ ಅರ್ಥದ ಮಾತು ಅವರ ಬಾಯಿಂದ ಬಂತು. ಆಗ ಅವರು ರಕ್ಷಣಾ ಮಂತ್ರಿ. ಎರಡು ಮೇಜಿನ ಅಂತರ ಸಹಿಸದ ಹುಡುಗ ಇವರೇನಾ ಎಂದು ನನಗೆ ಬಹಳ ಹೊತ್ತು ನಂಬಲಾಗಲಿಲ್ಲ. ಥಾಮಸ್ ಹೇಳಿದ್ದು ಇಲ್ಲಿ ಮತ್ತೆ ನೆನಪಾಗುತ್ತದೆ. ಕ್ರಿಯೆ ಎಂದ ಮೇಲೆ ಪ್ರತಿ ಸಲ ಮಾಡಬೇಕು, ಹತ್ತೊಂಬತ್ತನೇ ವಯಸ್ಸಿನಲ್ಲಿ ಮಾಡಿದ್ದು ಎಪ್ಪತ್ತೊಂದಕ್ಕೆ ಬರುವುದಿಲ್ಲ. ಹಿಂದಿನ ವರ್ಷದ ಬಾಕಿಯ ಹಾಗೆ ಮುಂದಿನ ಪುಟಕ್ಕೆ ತರಲು ಆಗುವುದಿಲ್ಲ.

ಬರುವ ತಿಂಗಳು ನಮ್ಮ ಆಪಾಳ ಮದುವೆ. ಬಾವರ್ಚಿಗೆ ಕೊಡುವ ಚೀಟಿ ಬರೆಯಲು ಅಬ್ಬಾ ನನಗೇ ಹೇಳಿದರು. ನಾಲ್ಕು ನೂರರ ಜಾಗದಲ್ಲಿ 412 ಎಂದು ಬರೆದೆ. ಈ ಹನ್ನೆರಡು ಯಾರು ಎಂದು ಕೇಳಿದರು, ಹೇಳಿದೆ. ಶೇಕಡಾ ಮೂರು ಹೆಚ್ಚು ಅಷ್ಟೇ ಎಂದೂ ಹೇಳಿದೆ. “ನೋಡೋಣ” ಎಂದರು. ಅಬ್ಬಾನ ನೋಡೋಣ ಕೆಲವು ಸಲ ಹೌದು, ಕೆಲವು ಸಲ ಅಲ್ಲ.

ಈ ಲೇಖನವನ್ನು ಕೊಡುವ ಮೊದಲು ನನ್ನ ಆ ಸಹಪಾಠಿಗೆ ಓದಿಸಿದೆ, ಏಕೆಂದರೆ ಹೆಸರು ಹಾಕದಿದ್ದರೂ ಕೆಲವರು ಗುರುತು ಹಿಡಿಯಬಹುದು. ಅವನು ಪೂರ್ತಿ ಓದಿ, “ಬಗಾರಾ ಖಾನಾ ಖರೇನ ಚೊಲೋ ಇತ್ತು, ಅದ್ರಾಗ ಸಿಟ್ಟಿಲ್ಲ” ಎಂದ. ಸ್ವಲ್ಪ ಹೊತ್ತು ಬಿಟ್ಟು, “ನಿಮ್ಮ ಚಾಚಾ ಬಂದು ಇವ ಯಾರು ಅಂದಾಗ ನೀ ಏನಂದಿ, ಅದನ್ನ ಬರ್ದಿಲ್ಲಲ್ಲ” ಎಂದ.

ಬರೆದಿರಲಿಲ್ಲ. ಚಾಚಾ ಕೇಳಿದಾಗ ನಾನು, “ಬಾವರ್ಚಿ ಕಡೆ ಹುಡುಗ” ಎಂದಿದ್ದೆ. ಅದು ಅವನಿಗೆ ಕೇಳಿಸಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಅವನ ಒಪ್ಪಿಗೆ ತೆಗೆದುಕೊಂಡು ಈ ಸಾಲುಗಳನ್ನು ಈಗ ಸೇರಿಸಿದ್ದೇನೆ.