ಬೆಕ್ಕಿಗೆ ಸಕ್ಕರೆ ಕಾಯಿಲೆ: ಮನೆಯ ಲೆಕ್ಕವೇ ಆರೈಕೆಯ ಬುಡ

ಮನೆಯ ಬೆಕ್ಕು ಎಂದಿಲ್ಲದಂತೆ ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿದರೆ, ಮರಳಿನ ಟ್ರೇ ಮೊದಲಿಗಿಂತ ಬೇಗ ಒದ್ದೆಯಾದರೆ, ಹಾಕಿದ್ದನ್ನೆಲ್ಲ ತಿಂದೂ ಮೈ ಇಳಿಯುತ್ತ ಹೋದರೆ ಸಕ್ಕರೆ ಕಾಯಿಲೆಯ ಅನುಮಾನ ಬರಬೇಕು. ಕೆಲವು ಬೆಕ್ಕುಗಳು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತವೆ. ಬಹುಕಾಲ ಹೆಚ್ಚೇ ಉಳಿದ ಸಕ್ಕರೆ ನರಗಳಿಗೆ ಮಾಡಿದ ಹಾನಿ ಅದು. ನಡುವಯಸ್ಸು ದಾಟಿದ, ದಪ್ಪಗಾದ, ಮನೆಯೊಳಗೇ ಬೆಳೆದ ಬೆಕ್ಕುಗಳಲ್ಲಿ, ಅದರಲ್ಲೂ ಸಂತಾನಹರಣ ಮಾಡಿಸಿದ ಗಂಡುಗಳಲ್ಲಿ, ಈ ಕಾಯಿಲೆ ಹೆಚ್ಚು. ಅಲರ್ಜಿಗೆಂದು ದೀರ್ಘಕಾಲ ಕೊಟ್ಟ ಸ್ಟಿರಾಯ್ಡ್ ಕೂಡ ಇದಕ್ಕೆ ದಾರಿಯಾಗಬಹುದು. ಮೂತ್ರಪಿಂಡ ಸೋತಾಗಲೂ ಥೈರಾಯ್ಡ್ ಹೆಚ್ಚಾದಾಗಲೂ ಇಂಥವೇ ಲಕ್ಷಣಗಳು ಕಾಣುವುದರಿಂದ ರೋಗ ಇದೇ ಎಂದು ತೀರ್ಮಾನಿಸಬೇಕಾದವರು ಪಶುವೈದ್ಯರು. ಆದರೆ ತೀರ್ಮಾನವಾದ ಮೇಲೆ ರೋಗವನ್ನು ಹತೋಟಿಯಲ್ಲಿಡುವ ಕೆಲಸ ನಡೆಯುವುದು ಮನೆಯಲ್ಲಿ. ಇನ್ಸುಲಿನ್ ಚುಚ್ಚಲು ಕಲಿತುಬಿಟ್ಟರೆ ಆಯಿತೆಂದು ಬಹಳ ಜನ ಭಾವಿಸುತ್ತಾರೆ. ಚುಚ್ಚುವುದು ಈ ಆರೈಕೆಯ ಅತಿ ಸುಲಭದ ಭಾಗ. ಊಟ, ನೀರು, ತೂಕ, ರಕ್ತದ ಸಕ್ಕರೆ ಇವುಗಳ ಲೆಕ್ಕವನ್ನು ಮನೆಯಲ್ಲೇ ಹಿಡಿದು ಬರೆದಿಡುವುದರ ಮೇಲೆ ಉಳಿದೆಲ್ಲವೂ ನಿಂತಿದೆ.

ಆಸ್ಪತ್ರೆಯ ಒಂದು ಅಂಕಿ ಏಕೆ ಸಾಲದು?

ಆರೋಗ್ಯವಂತ ಬೆಕ್ಕಿನ ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 70ರಿಂದ 150 ಮಿಲಿಗ್ರಾಂ ಒಳಗಿರುತ್ತದೆ. ಆದರೆ ಬುಟ್ಟಿಯಲ್ಲಿ ಮುಚ್ಚಿ, ಆಟೋದಲ್ಲಿ ಕೂರಿಸಿ, ನಾಯಿಗಳು ಬೊಗಳುವ ಆಸ್ಪತ್ರೆಗೆ ಒಯ್ದಾಗ ರೋಗವೇ ಇಲ್ಲದ ಬೆಕ್ಕಿನ ಸಕ್ಕರೆಯೂ ಗಾಬರಿಗೆ 300 ದಾಟಬಹುದು. ಆದ್ದರಿಂದಲೇ ವೈದ್ಯರು ಒಂದು ಸಲದ ಅಂಕಿಯನ್ನು ನಂಬದೆ ಫ್ರಕ್ಟೋಸಮೀನ್ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಹಿಂದಿನ ಒಂದೆರಡು ವಾರಗಳಲ್ಲಿ ಸಕ್ಕರೆ ಒಟ್ಟಾರೆ ಹೇಗಿತ್ತೆಂಬುದನ್ನು ಅದು ತೋರಿಸುತ್ತದೆ, ಕ್ಷಣದ ಹೆದರಿಕೆ ಅದನ್ನು ಕದಲಿಸುವುದಿಲ್ಲ. ರೋಗಪತ್ತೆಗೆ ಅನ್ವಯಿಸುವ ಈ ಎಚ್ಚರ ಡೋಸ್ ನಿರ್ಧಾರಕ್ಕೂ ಅನ್ವಯಿಸುತ್ತದೆ. ಹೆದರಿದ ಬೆಕ್ಕಿನ ಅಂಕಿ ನೋಡಿ ಇನ್ಸುಲಿನ್ ಏರಿಸಿದರೆ, ಮನೆಗೆ ಮರಳಿ ಬೆಕ್ಕು ನಿರಾಳವಾದಾಗ ಅದೇ ಡೋಸ್ ಮಿತಿಮೀರಿ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ತನ್ನ ಜಾಗದಲ್ಲಿ, ತನ್ನವರ ಕೈಯಲ್ಲಿ ಇರುವಾಗ ಸಿಕ್ಕ ಅಂಕಿಯೇ ಹೆಚ್ಚು ನಂಬಿಕೆಗೆ ಅರ್ಹ.

ಮೊದಲ ಹೆಜ್ಜೆ: ಇನ್ಸುಲಿನ್ ಮತ್ತು ಸಿರಿಂಜ್

ಬೆಕ್ಕುಗಳಿಗೆ ವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದರಲ್ಲಿ ಗ್ಲಾರ್ಜಿನ್ ಒಂದು. ಮನುಷ್ಯರು ಬಳಸುವ ಔಷಧಿಯೇ ಅದು. ಬೆಂಗಳೂರಿನ ಬಯೋಕಾನ್ ಸೇರಿದಂತೆ ಹಲವು ಕಂಪನಿಗಳು ತಯಾರಿಸುವ ಇದು ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಆರಂಭದ ಡೋಸ್ ಬಹಳ ಚಿಕ್ಕದು: ಬಹುಪಾಲು ಬೆಕ್ಕುಗಳಿಗೆ 12 ಗಂಟೆಗೊಮ್ಮೆ 1 ಯೂನಿಟ್‌ನ ಆಸುಪಾಸು. ಡೋಸ್ ಇಷ್ಟು ಚಿಕ್ಕದಾಗಿರುವುದರಿಂದಲೇ ಅಳತೆಯ ತಪ್ಪು ದೊಡ್ಡದಾಗುತ್ತದೆ. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ನೂ 100 ಯೂನಿಟ್ ಇರುವುದೂ ಎರಡೂ ಮಾರಾಟದಲ್ಲಿವೆ, ಒಂದೊಂದಕ್ಕೂ ಅದರದೇ ಸಿರಿಂಜ್ ಇದೆ. 40ರದ್ದಕ್ಕೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ್ದು. 100ರ ಗ್ಲಾರ್ಜಿನ್ ಅನ್ನು 40ರ ಸಿರಿಂಜಿನಲ್ಲಿ 1ರ ಗೆರೆಗೆ ಎಳೆದರೆ ಬೆಕ್ಕಿನ ಮೈಗೆ ಹೋಗುವುದು ಎರಡೂವರೆ ಯೂನಿಟ್. ಆದ್ದರಿಂದ ಮುಚ್ಚಳದ ಬಣ್ಣವನ್ನಷ್ಟೇ ನಂಬದೆ ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಎರಡೂ ಒಂದೇ ಎಂದು ಪ್ರತಿ ಖರೀದಿಯಲ್ಲೂ ಓದಿ ನೋಡಿ. ಅರ್ಧ ಯೂನಿಟ್‌ನ ಗೆರೆಗಳಿರುವ ಸಣ್ಣ ಸಿರಿಂಜ್ ಸಿಕ್ಕರೆ ಅದನ್ನೇ ಕೊಳ್ಳಿ. ಇನ್ಸುಲಿನ್ ಅನ್ನು ಫ್ರಿಜ್ಜಿನ ಒಳಭಾಗದಲ್ಲಿ, 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ. ಫ್ರೀಜರಿನಲ್ಲಿ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆದು, ಎಷ್ಟು ದಿನ ಬಳಸಬಹುದೆಂದು ವೈದ್ಯರನ್ನು ಕೇಳಿ.

ಎರಡನೆಯ ಹೆಜ್ಜೆ: ಚುಚ್ಚುವ ಕ್ರಮ

ದಿನಕ್ಕೆ ಎರಡು ಹೊತ್ತು, ಉದಾಹರಣೆಗೆ ಬೆಳಿಗ್ಗೆ 7 ಮತ್ತು ಸಂಜೆ 7 ಎಂದು ಗೊತ್ತುಮಾಡಿಕೊಳ್ಳಿ. ಮೊದಲು ಊಟ ಇಡಿ. ಬೆಕ್ಕು ತಿನ್ನುವುದನ್ನು ಕಣ್ಣಾರೆ ನೋಡಿದ ಮೇಲೆ ಸಿರಿಂಜ್ ಕೈಗೆತ್ತಿಕೊಳ್ಳಿ. ಪಕ್ಕೆಯ ಮೇಲಿನ ಸಡಿಲ ಚರ್ಮವನ್ನು ಎರಡು ಬೆರಳಿನಲ್ಲಿ ಮೇಲೆತ್ತಿ, ಅದರ ಬುಡದ ಪೊಳ್ಳಿಗೆ ಸೂಜಿ ತೂರಿಸಿ ಔಷಧಿ ತಳ್ಳಬೇಕು. ಸೂಜಿ ಕೂದಲೆಳೆಯಷ್ಟು ಸಣ್ಣದಾದ್ದರಿಂದ ಬಹುಪಾಲು ಬೆಕ್ಕುಗಳು ತಿನ್ನುತ್ತಲೇ ಇರುತ್ತವೆ. ಸೂಜಿ ಚರ್ಮದ ಆಚೆ ಬದಿಗೆ ಹೊರಟಿತೇ ಎಂದು ತಿಳಿಯಲು ತುಪ್ಪಳ ಒದ್ದೆಯಾಗಿದೆಯೇ ನೋಡಿ. ಔಷಧಿ ಪೂರ್ತಿ ಹೋಯಿತೋ ಇಲ್ಲವೋ ಎಂಬ ಅನುಮಾನ ಬಂದರೆ ಮತ್ತೆ ಚುಚ್ಚಬೇಡಿ. ಒಂದು ಡೋಸ್ ತಪ್ಪಿದರೆ ಅರ್ಧ ದಿನ ಸಕ್ಕರೆ ಏರುತ್ತದೆ, ಅಷ್ಟೇ. ಎರಡು ಡೋಸ್ ಒಟ್ಟಿಗೆ ಹೋದರೆ ಜೀವಕ್ಕೆ ಅಪಾಯ. ಬೆಕ್ಕು ಊಟ ಮುಟ್ಟದಿದ್ದರೆ ಅಥವಾ ವಾಂತಿ ಮಾಡಿದರೆ ಎಂದಿನ ಡೋಸ್ ಕೊಡುವ ಮೊದಲು ವೈದ್ಯರಿಗೆ ಫೋನ್ ಮಾಡಿ.

ಮೂರನೆಯ ಹೆಜ್ಜೆ: ತಟ್ಟೆಯಲ್ಲಿ ಏನಿರಬೇಕು?

ಬೆಕ್ಕು ಮಾಂಸದಿಂದಲೇ ಬದುಕುವಂತೆ ರೂಪುಗೊಂಡ ಪ್ರಾಣಿ. ಹಿಟ್ಟಿನಂಶ ಹೆಚ್ಚಾದ ಊಟವನ್ನು ನಿಭಾಯಿಸುವ ಶಕ್ತಿ ಅದರ ದೇಹಕ್ಕೆ ಕಡಿಮೆ. ನಮ್ಮ ಮನೆಗಳ ಹಾಲನ್ನ, ಮೊಸರನ್ನ, ಬಿಸ್ಕತ್ತುಗಳೂ ಹೊತ್ತುಗೊತ್ತಿಲ್ಲದೆ ಬಟ್ಟಲಲ್ಲಿ ಬಿದ್ದಿರುವ ಒಣ ಕ್ಯಾಟ್ ಫುಡ್ ಕೂಡ ಈ ಕಾಯಿಲೆಯಲ್ಲಿ ತೊಡಕೇ. ಪ್ರೋಟೀನ್ ಹೆಚ್ಚಿರುವ, ಪಿಷ್ಟ ಕಡಿಮೆಯಿರುವ ವೆಟ್ ಫುಡ್ ಒಳ್ಳೆಯದು. ಬರೀ ಬೇಯಿಸಿದ ಕೋಳಿಮಾಂಸ ಸಾಕಾಗುವುದಿಲ್ಲ: ಅದರಲ್ಲಿ ಕ್ಯಾಲ್ಸಿಯಂ ಕಡಿಮೆ, ಬೆಕ್ಕಿಗೆ ಬೇಕೇಬೇಕಾದ ಟಾರಿನ್ ಕೂಡ ಬೇಯಿಸಿದ ನೀರಿಗೆ ಬಿಟ್ಟು ಹೋಗುತ್ತದೆ. ಮನೆಯ ಅಡುಗೆಯನ್ನೇ ಹಾಕುವವರು ಪೂರಕಗಳ ಬಗ್ಗೆ ವೈದ್ಯರ ಸಲಹೆ ಪಡೆಯಬೇಕು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಿನ ತುಂಡು ಕೊಡಲೇಬಾರದು, ಅವು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಇಲ್ಲಿ ಒಂದು ಮಾತು ಮರೆಯಬಾರದು. ಇನ್ಸುಲಿನ್ ಪಡೆಯುತ್ತಿರುವ ಬೆಕ್ಕಿನ ಊಟದಲ್ಲಿ ಪಿಷ್ಟ ಇಳಿದರೆ ಬೇಕಾಗುವ ಇನ್ಸುಲಿನ್ ಕೂಡ ಇಳಿಯುತ್ತದೆ. ಡೋಸ್ ಹಾಗೇ ಇಟ್ಟು ಊಟ ಮಾತ್ರ ಬದಲಿಸಿದರೆ ಸಕ್ಕರೆ ಕುಸಿಯುತ್ತದೆ. ಆದ್ದರಿಂದ ಬದಲಾವಣೆ ನಿಧಾನವಾಗಿ, ವೈದ್ಯರಿಗೆ ತಿಳಿಸಿ, ಸಕ್ಕರೆ ಅಳೆಯುತ್ತ ನಡೆಯಬೇಕು. ದಪ್ಪ ಬೆಕ್ಕನ್ನು ಉಪವಾಸ ಕೆಡವಿ ತೆಳ್ಳಗಾಗಿಸುವ ಪ್ರಯತ್ನವೂ ಬೇಡ. ಹಾಗೆ ಮಾಡಿದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತಾಗಬಹುದು.

ನಾಲ್ಕನೆಯ ಹೆಜ್ಜೆ: ಅಳೆಯುವುದು, ಬರೆಯುವುದು

ರಕ್ತ ತೆಗೆಯುವ ಜಾಗ ಕಿವಿಯ ಹೊರ ಅಂಚು. ಬೆಚ್ಚಗಿನ ಬಟ್ಟೆಯನ್ನು ಕಿವಿಗೆ ಒಂದು ನಿಮಿಷ ಒತ್ತಿ ಹಿಡಿದರೆ ಅಂಚಿನ ಸಣ್ಣ ರಕ್ತನಾಳ ಹಿಗ್ಗುತ್ತದೆ. ಹಿಂಬದಿಗೆ ಹತ್ತಿ ಆಸರೆ ಕೊಟ್ಟು ಲ್ಯಾನ್ಸೆಟ್‌ನಿಂದ ಚುಚ್ಚಿ, ಸಾಸಿವೆ ಕಾಳಿನಷ್ಟು ಬಂದ ಹನಿಯನ್ನು ಗ್ಲುಕೋಮೀಟರಿನ ಪಟ್ಟಿಗೆ ತಾಗಿಸಿ, ಚುಚ್ಚಿದ ಜಾಗವನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಮುಗಿದ ಕೂಡಲೇ ಒಂದು ತುಂಡು ಮಾಂಸ ಕೊಟ್ಟರೆ ಬೆಕ್ಕು ಬೇಗ ಒಗ್ಗಿಕೊಳ್ಳುತ್ತದೆ. ಮನುಷ್ಯರ ಮೀಟರ್ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ ಯಾವ ಮೀಟರ್ ಬಳಸುತ್ತಿದ್ದೀರಿ ಎಂದು ವೈದ್ಯರಿಗೆ ಹೇಳಿ, ಕೊನೆಯವರೆಗೂ ಅದನ್ನೇ ಬಳಸಿ. ಪ್ರತಿ ಇನ್ಸುಲಿನ್‌ಗೂ ಮುಂಚೆ ಒಮ್ಮೆ ಅಳೆಯುವುದು ಒಳ್ಳೆಯದು. ಡೋಸ್ ಬದಲಾದ ಮೇಲೆ ವೈದ್ಯರು ಹೇಳಿದ ದಿನ, ಬೆಳಗಿನ ಇನ್ಸುಲಿನ್‌ನಿಂದ ಸಂಜೆಯದರವರೆಗೆ ಎರಡು ಗಂಟೆಗೊಮ್ಮೆ ಅಳೆದರೆ ಔಷಧಿ ಎಷ್ಟು ಕೆಳಗೆ ಇಳಿಸುತ್ತದೆ, ಎಷ್ಟು ಹೊತ್ತು ಹಿಡಿದಿಡುತ್ತದೆ ಎಂಬ ಪೂರ್ಣ ಚಿತ್ರ ಸಿಗುತ್ತದೆ. ಚುಚ್ಚುವುದೇ ಕಷ್ಟವೆನಿಸಿದರೆ ಮನುಷ್ಯರಿಗಾಗಿ ಮಾಡಿದ, 14 ದಿನ ಬಾಳುವ ಫ್ರೀಸ್ಟೈಲ್ ಲಿಬ್ರೆ ಸೆನ್ಸರ್ ಅನ್ನು ವೈದ್ಯರು ಬೆಕ್ಕಿನ ಮೈಗೂ ಅಂಟಿಸುತ್ತಾರೆ. ಅಂಕಿಗಳ ಜೊತೆಗೆ ಡೋಸ್ ಕೊಟ್ಟ ಹೊತ್ತು, ತಿಂದ ಪ್ರಮಾಣ, ಕುಡಿದ ನೀರು, ಟ್ರೇಯಲ್ಲಿ ಕಂಡ ಒದ್ದೆ ಗಟ್ಟಿಗಳು, ವಾರಕ್ಕೊಮ್ಮೆ ತೂಕ ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನೀರು ಕುಡಿಯುವುದು ತಗ್ಗಿ ತೂಕ ನಿಂತರೆ ಚಿಕಿತ್ಸೆ ಹಿಡಿಯುತ್ತಿದೆ ಎಂದರ್ಥ.

ಸಕ್ಕರೆ ನೋಡಲು ಕಲಿತವರು ತಾವೇ ಡೋಸ್ ಏರಿಳಿಸಿ ಅನಾಹುತ ಮಾಡಿಕೊಳ್ಳುತ್ತಾರೆ ಎಂಬುದು ಮನೆಯ ಅಳತೆಯ ವಿರುದ್ಧ ಕೇಳಿಬರುವ ಗಂಭೀರ ಆಕ್ಷೇಪ. ಅಪಾಯ ನಿಜ. ಒಂದು ಹೆಚ್ಚಿನ ಅಂಕಿ ಕಂಡ ಕೂಡಲೇ ಡೋಸ್ ಏರಿಸುವುದು ತಪ್ಪೇ, ಏಕೆಂದರೆ ಅದೇ ಡೋಸಿಗೆ ಸಕ್ಕರೆ ದಿನದಿಂದ ದಿನಕ್ಕೆ ಬೇರೆಯಾಗುತ್ತದೆ. ಆದರೆ ಇದಕ್ಕೆ ಪರಿಹಾರ ಅಳೆಯದಿರುವುದಲ್ಲ. ಅಳೆಯದ ಮನೆಯಲ್ಲೂ ಡೋಸ್ ಏರುತ್ತದೆ, ಅಲ್ಲಿ ಕಣ್ಣು ಕಟ್ಟಿಕೊಂಡು ಏರುತ್ತದೆ. ಅಳೆದು ಬರೆಯುವ ಕೆಲಸ ಮನೆಯವರದು, ಡೋಸ್ ಬದಲಿಸುವ ತೀರ್ಮಾನ ವೈದ್ಯರದು ಎಂಬ ಗೆರೆ ಸ್ಪಷ್ಟವಾಗಿದ್ದರೆ ಆಕ್ಷೇಪ ತಾನಾಗಿ ಕರಗುತ್ತದೆ. ಇಂತಿಷ್ಟಕ್ಕಿಂತ ಕಡಿಮೆಯಿದ್ದರೆ ಇನ್ಸುಲಿನ್ ಕೊಡದೆ ಫೋನ್ ಮಾಡಿ ಎಂಬ ಸಂಖ್ಯೆಯನ್ನು ವೈದ್ಯರಿಂದಲೇ ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

ತುರ್ತು ಹೊತ್ತಿನಲ್ಲಿ

ಬೆಕ್ಕು ತೂರಾಡಿದರೆ, ಕರೆದರೆ ಓಗೊಡದಿದ್ದರೆ, ನಡುಗಿದರೆ, ಫಿಟ್ಸ್ ಬಂದರೆ ಸಕ್ಕರೆ ಕುಸಿದಿದೆ ಎಂದೇ ತಿಳಿಯಿರಿ. ಮೀಟರಿನಲ್ಲಿ 60ಕ್ಕಿಂತ ಕೆಳಗಿನ ಅಂಕಿ ಅಪಾಯದ ಸೂಚನೆ. ಎಚ್ಚರವಿದ್ದು ನುಂಗಬಲ್ಲ ಬೆಕ್ಕಿಗೆ ತಕ್ಷಣ ಊಟ ಕೊಡಿ. ತಿನ್ನಲಾರದ್ದಕ್ಕೆ ಜೇನುತುಪ್ಪವನ್ನೋ ನೀರಿನಲ್ಲಿ ಕಲಸಿದ ಗ್ಲೂಕೋಸ್ ಪುಡಿಯನ್ನೋ ವಸಡಿಗೆ ಸವರಿ. ಗಂಟಲಿಗೆ ಸುರಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಒಯ್ಯಿರಿ, ಏಕೆಂದರೆ ಇನ್ಸುಲಿನ್ ಇನ್ನೂ ಗಂಟೆಗಟ್ಟಲೆ ಕೆಲಸ ಮಾಡುತ್ತಿರುತ್ತದೆ. ಇದಕ್ಕೆ ತದ್ವಿರುದ್ಧವಾದ ಅಪಾಯ ಕೀಟೋಅಸಿಡೋಸಿಸ್: ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಕರಗಿಸಿ ರಕ್ತ ಆಮ್ಲೀಯವಾಗುವ ಸ್ಥಿತಿ. ಊಟ ಬಿಟ್ಟು, ವಾಂತಿ ಮಾಡಿ, ಮೂಲೆ ಹಿಡಿದು ಮಲಗಿದ ಬೆಕ್ಕನ್ನು ಮರುದಿನದವರೆಗೆ ಕಾಯಿಸಬಾರದು.

ಮಾತ್ರೆ, ಮನೆಮದ್ದು, ಖರ್ಚು

ಸೂಜಿಯ ಬದಲು ಮಾತ್ರೆ ಕೊಡಬಾರದೇ ಎಂಬ ಪ್ರಶ್ನೆ ಸಹಜ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಬೆಕ್ಸಾಗ್ಲಿಫ್ಲೋಝಿನ್ ಮಾತ್ರೆಗೂ 2023ರಲ್ಲಿ ವೆಲಾಗ್ಲಿಫ್ಲೋಝಿನ್ ದ್ರಾವಣಕ್ಕೂ ಬೆಕ್ಕುಗಳಲ್ಲಿ ಬಳಸಲು ಒಪ್ಪಿಗೆ ಕೊಟ್ಟಿದೆ. ಆದರೆ ಇವು ಎಲ್ಲ ಬೆಕ್ಕುಗಳಿಗೂ ಹೊಂದುವುದಿಲ್ಲ. ಈಗಾಗಲೇ ಇನ್ಸುಲಿನ್ ಪಡೆದ ಬೆಕ್ಕುಗಳಿಗೆ ಕೊಡುವಂತಿಲ್ಲ, ರಕ್ತದ ಸಕ್ಕರೆ ಹೆಚ್ಚಿಲ್ಲದೆಯೂ ಕೀಟೋಅಸಿಡೋಸಿಸ್ ಆಗುವ ಅಪಾಯವಿದೆ. ಅಂದರೆ ಅಲ್ಲಿಯೂ ನಿಗಾ ತಪ್ಪುವುದಿಲ್ಲ. ಮನೆಯ ಹಿರಿಯರು ನುಂಗುವ ಸಕ್ಕರೆ ಮಾತ್ರೆಯನ್ನಾಗಲಿ, ಹಾಗಲ, ಮೆಂತ್ಯದ ಕಷಾಯವನ್ನಾಗಲಿ ಬೆಕ್ಕಿಗೆ ಕೊಡುವುದು ಸಲ್ಲದು. ಇನ್ಸುಲಿನ್ ಬೇಕಾದ ಬೆಕ್ಕಿಗೆ ಅವು ಅದರ ಬದಲಾಗಲಾರವು, ಕಳೆದ ದಿನಗಳು ಮಾತ್ರ ರೋಗಕ್ಕೆ ಲಾಭ. ಖರ್ಚಿನ ಆಕ್ಷೇಪ ಹಗುರವಾದದ್ದಲ್ಲ. ಇನ್ಸುಲಿನ್, ಸಿರಿಂಜ್, ಪಟ್ಟಿ ಎಲ್ಲಕ್ಕೂ ತಿಂಗಳು ತಿಂಗಳು ಹಣ ಬೇಕು. ಆದರೂ ಪದೇಪದೇ ಆಸ್ಪತ್ರೆಯಲ್ಲಿ ದಿನವಿಡೀ ಇರಿಸಿ ಪರೀಕ್ಷಿಸುವುದಕ್ಕಿಂತ, ಸಕ್ಕರೆ ಕುಸಿದು ತುರ್ತು ಚಿಕಿತ್ಸೆಗೆ ಒಯ್ಯುವುದಕ್ಕಿಂತ ಮನೆಯ ಅಳತೆ ಅಗ್ಗ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜುಗಳಿಗೆ ಹತ್ತಿರವಿರುವವರು ಅಲ್ಲಿನ ಬೋಧನಾ ಆಸ್ಪತ್ರೆಗಳಲ್ಲೂ ವಿಚಾರಿಸಬಹುದು.

ಈ ಶ್ರಮ ಬದುಕಿಡೀ ನಡೆಯಲೇಬೇಕೆಂದೇನಿಲ್ಲ ಎಂಬುದು ಬೆಕ್ಕಿನ ಸಕ್ಕರೆ ಕಾಯಿಲೆಯ ವಿಶೇಷ. ಬೇಗ ಹತೋಟಿಗೆ ಬಂದರೆ ಮೇದೋಜೀರಕ ಗ್ರಂಥಿ ಚೇತರಿಸಿಕೊಂಡು ಇನ್ಸುಲಿನ್ ನಿಲ್ಲಿಸುವ ಹಂತಕ್ಕೆ ಹಲವು ಬೆಕ್ಕುಗಳು ತಲುಪುತ್ತವೆ. ಕರ್ಸ್ಟನ್ ರೂಂಪ್ ಮತ್ತು ಜಾಕಿ ರ‍್ಯಾಂಡ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಲೀಕರು ಮನೆಯಲ್ಲೇ ಸಕ್ಕರೆ ಅಳೆಯುತ್ತ ಗ್ಲಾರ್ಜಿನ್ ಕೊಟ್ಟಿದ್ದರು. ರೋಗ ಪತ್ತೆಯಾದ ಆರು ತಿಂಗಳೊಳಗೆ ಈ ಬಿಗಿ ಕ್ರಮಕ್ಕೆ ಬಂದ ಬೆಕ್ಕುಗಳಲ್ಲಿ ಶೇ 84ರಷ್ಟು ಇನ್ಸುಲಿನ್ನಿನಿಂದ ಬಿಡುಗಡೆ ಪಡೆದವು. ತಡವಾಗಿ ಬಂದವುಗಳಲ್ಲಿ ಶೇ 35ರಷ್ಟು ಮಾತ್ರ. ಅವರು ಬಹಳ ಶ್ರದ್ಧೆಯ ಮಾಲೀಕರು, ಎಲ್ಲ ಮನೆಗಳಲ್ಲೂ ಇದೇ ಫಲ ನಿರೀಕ್ಷಿಸಲಾಗದು ಎನ್ನಬಹುದು. ಒಪ್ಪೋಣ, ಆದರೆ ಆ ಶ್ರದ್ಧೆ ಅಲ್ಲಿ ರೂಪ ತಾಳಿದ್ದು ದಿನನಿತ್ಯದ ಅಳತೆಯಲ್ಲಿ, ಅದು ಯಾವ ಮನೆಯವರೂ ಕಲಿಯಬಲ್ಲ ಕೆಲಸ. ಬಿಡುಗಡೆ ಸಿಕ್ಕ ಬೆಕ್ಕಿಗೂ ರೋಗ ಮರುಕಳಿಸಬಹುದಾದ್ದರಿಂದ ಊಟದ ಪಥ್ಯ, ವಾರದ ತೂಕ, ಆಗಾಗಿನ ಸಕ್ಕರೆ ಪರೀಕ್ಷೆ ಮುಂದುವರಿಯಬೇಕು. ನಿಮ್ಮ ಬೆಕ್ಕಿಗೆ ಸಕ್ಕರೆ ಕಾಯಿಲೆ ಎಂದು ಈ ವಾರವೇ ಗೊತ್ತಾಗಿದ್ದರೆ ಇನ್ಸುಲಿನ್ ಕೊಳ್ಳುವ ದಿನವೇ ಮೀಟರ್ ಮತ್ತು ನೋಟ್‌ಬುಕ್ ಕೂಡ ಕೊಳ್ಳಿ, ಕಿವಿಯಿಂದ ರಕ್ತ ತೆಗೆಯುವುದನ್ನು ವೈದ್ಯರ ಮುಂದೆಯೇ ಒಮ್ಮೆ ಮಾಡಿ ಕಲಿಯಿರಿ. ಬೆಕ್ಕು ಚೇತರಿಸಿಕೊಳ್ಳುವ ಅವಕಾಶ ಅತಿ ಹೆಚ್ಚಿರುವುದು ಈ ಮೊದಲ ತಿಂಗಳುಗಳಲ್ಲೇ.